ತಿಪ್ಪೆಯಿಂದ ಕಸದ ಆಟೋವರೆಗೆ

ಎಪ್ಪತ್ತರ ದಶಕದಲ್ಲಿ ತಿಪಟೂರು ಸೀಮೆಯ ನಮ್ಮೂರಲ್ಲಿ ಮನೆಗೊಂದು ತಿಪ್ಪೆಯಿತ್ತು. ಕಸದ ಬುಟ್ಟಿ ಯಾರ ಮನೆಯಲ್ಲೂ ಇರಲಿಲ್ಲ. ತರಕಾರಿ ಸಿಪ್ಪೆ, ಅಕ್ಕಿ ತೊಳೆದ ನೀರು, ಮಿಕ್ಕ ಮುದ್ದೆ ಎಲ್ಲವೂ ಕಲಗಚ್ಚಿನ ಬಾನಿಗೆ ಬಿದ್ದು ಎಮ್ಮೆಯ ಹೊಟ್ಟೆ ಸೇರುತ್ತಿದ್ದವು. ಸಗಣಿ, ಬೂದಿ, ಅಂಗಳ ಗುಡಿಸಿದ ತರಗು ತಿಪ್ಪೆಗೆ ಹೋಗುತ್ತಿದ್ದವು. ಮುಂಗಾರಿಗೆ ಮೊದಲು ತಿಪ್ಪೆ ಬಗೆದು ಗಾಡಿಯಲ್ಲಿ ಹೊಲಕ್ಕೆ ಗೊಬ್ಬರ ಹೊಡೆಯುತ್ತಿದ್ದರು. ತೆಂಗಿನ ಗರಿಯ ಕಡ್ಡಿ ಪೊರಕೆಯಾದರೆ, ಮಟ್ಟೆ ಮತ್ತು ಚಿಪ್ಪು ಒಲೆಗೆ.

ಅಜ್ಜಿಯ ಹತ್ತಿ ಸೀರೆಗಂತೂ ಹಲವು ಜನ್ಮ. ಉಟ್ಟು ಸವೆದ ಮೇಲೆ ತೊಟ್ಟಿಲಿಗೆ ಕಟ್ಟುತ್ತಿದ್ದರು, ಆಮೇಲೆ ಬಾಣಂತಿ ಕೋಣೆಗೆ ಹೋಗುತ್ತಿತ್ತು, ಕೊನೆಗೆ ನಾಲ್ಕಾಗಿ ಹರಿದರೆ ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆ. ಅಂಗಡಿಯಿಂದ ಬೆಲ್ಲ, ಬೇಳೆ ಬರುತ್ತಿದ್ದದ್ದು ಪೇಪರಿನ ಪೊಟ್ಟಣದಲ್ಲಿ. ಅದಕ್ಕೆ ಸುತ್ತಿದ ದಾರವನ್ನು ಅಜ್ಜಿ ಬಿಚ್ಚಿ ಉಂಡೆಗೆ ಸುತ್ತಿಡುತ್ತಿದ್ದರು; ಹೂ ಕಟ್ಟುವುದಕ್ಕೂ ಆಗುತ್ತಿತ್ತು, ಹಾಸಿಗೆ ಹೊಲಿಯುವುದಕ್ಕೂ ಆಗುತ್ತಿತ್ತು.

ಇದನ್ನೆಲ್ಲ ಪರಿಸರ ಕಾಳಜಿ ಎನ್ನಲು ನನಗೆ ಮನಸ್ಸಿಲ್ಲ. ಕೈಯಲ್ಲಿ ದುಡ್ಡಿರಲಿಲ್ಲ, ಅದಕ್ಕೇ ಯಾವುದನ್ನೂ ಎಸೆಯುತ್ತಿರಲಿಲ್ಲ. ಆ ಉಳಿತಾಯದ ದುಡಿಮೆಯೆಲ್ಲ ಹೆಂಗಸರದು. ಬೂದಿಯಲ್ಲಿ ಪಾತ್ರೆ ತಿಕ್ಕಿ ಅಮ್ಮನ ಬೆರಳುಗಳು ಸೀಳಿರುತ್ತಿದ್ದವು. ಮಳೆಗಾಲದಲ್ಲಿ ತಿಪ್ಪೆಯ ಪಕ್ಕ ನೊಣ, ಸೊಳ್ಳೆಗಳ ಕಾಟ ತಡೆಯಲಾಗುತ್ತಿರಲಿಲ್ಲ. ಹಾಗಿದ್ದೂ ಆ ವ್ಯವಸ್ಥೆ ನಡೆಯಿತೆಂದರೆ ಕಾರಣ ಇಷ್ಟೇ: ಮನೆಗೆ ಬರುತ್ತಿದ್ದ ವಸ್ತುಗಳಲ್ಲಿ ಹೆಚ್ಚಿನವು ಕೊಳೆಯುವಂಥವು. ಪ್ಲಾಸ್ಟಿಕ್ ಕವರ್ ಬಂದಾಗ ಜನ ಅದನ್ನೂ ತಿಪ್ಪೆಗೇ ಎಸೆದರು. ಗೊಬ್ಬರದ ಜೊತೆ ಅದು ಹೊಲ ಸೇರಿತು, ನೇಗಿಲಿಗೆ ಸುತ್ತಿಕೊಂಡಿತು, ಮೇಯುವ ದನಗಳ ಹೊಟ್ಟೆಗೂ ಹೋಯಿತು.

ಈಗ ನಾನಿರುವ ಬೆಂಗಳೂರಿನಲ್ಲಿ ತಿಪ್ಪೆಯಿಲ್ಲ, ಎಮ್ಮೆಯಿಲ್ಲ. ಬಾಗಿಲಿಗೆ ಕಸದ ಆಟೋ ಬರುತ್ತದೆ. ಕಣ್ಣಿಗೆ ಕಾಣದ ಕಡೆ ಹೋದ ಕಸ ಇಲ್ಲವಾಯಿತೆಂದು ಈ ನಗರ ಬಹುಕಾಲ ನಂಬಿತ್ತು. ಅದರ ಬೆಲೆ ತೆತ್ತವರು ನಗರದ ಕಸವನ್ನು ತಂದು ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರು ಹಳ್ಳಿಗಳ ಜನ. ಅವರು ರಸ್ತೆಗಿಳಿದು ಹೋರಾಡಿದ ಮೇಲೆ, 2014ರ ಕೊನೆಗೆ ಮಂಡೂರಿಗೆ ಕಸದ ಲಾರಿಗಳು ಹೋಗುವುದು ನಿಂತಿತು. 2015ರಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು: ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡೈಪರ್, ಸ್ಯಾನಿಟರಿ ಪ್ಯಾಡ್‌ನಂಥವು, ಚೀಲಕ್ಕೆ ಒಣ ಕಸ.

ನಿಯಮ ಸರಳ, ಕಾರಣವೂ ಸರಳ. ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಯದೇ. ಬೇರೆ ಇಟ್ಟರೆ ಅದು ಗೊಬ್ಬರ. ಪೇಪರು, ಬಾಟಲಿ ಬೇರೆ ಇಟ್ಟರೆ ಗುಜರಿಯವರಿಗೆ ಅದು ಮಾಲು. ಸಾರು ಚೆಲ್ಲಿದ ಪೇಪರನ್ನು ಯಾವ ಗುಜರಿಯವನೂ ಕೊಳ್ಳುವುದಿಲ್ಲ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸದೆ, ತುಣುಕು ಅಂಟಿಕೊಂಡಿರುವಂತೆ ಸೀಳಿ, ತೊಳೆದು ಒಣಗಿಸಿಟ್ಟರೆ ಅದೂ ಮರುಬಳಕೆಗೆ ಹೋಗುತ್ತದೆ. ಕತ್ತರಿಸಿ ಬಿಸಾಡಿದ ಪುಟ್ಟ ತುಣುಕು ಮಾತ್ರ ಯಾರ ಕೈಗೂ ಸಿಗದೆ ಮೋರಿ ಸೇರುತ್ತದೆ. ಚಿಪ್ಸ್ ಪೊಟ್ಟಣದಲ್ಲಿ ಪ್ಲಾಸ್ಟಿಕ್ಕಿನ ಪದರಗಳ ನಡುವೆ ಲೋಹದ ಲೇಪವಿರುವುದರಿಂದ ಅದಕ್ಕೆ ಗಿರಾಕಿಯಿಲ್ಲ. ಅಂಥದ್ದನ್ನು ಕೊಳ್ಳದಿರುವುದೇ ದಾರಿ.

ನಮ್ಮ ಬಾಲ್ಕನಿಯಲ್ಲಿ ತೂತು ಕೊರೆದ ಡ್ರಮ್ಮಿದೆ. ಸಿಪ್ಪೆಯ ಮೇಲೆ ಒಣ ಎಲೆ, ಒಂದು ಹಿಡಿ ಹಳೆಯ ಗೊಬ್ಬರ. ವಾಸನೆ ಬಂದರೆ ನೀರಿನಂಶ ಹೆಚ್ಚಾಗಿದೆ ಎಂದರ್ಥ. ಇನ್ನಷ್ಟು ಎಲೆ ಹಾಕಿ ಕೆದಕಿದರೆ ಸರಿಹೋಗುತ್ತದೆ. ಎರಡು ತಿಂಗಳಿಗೆ ಕಪ್ಪು ಗೊಬ್ಬರ ಕೈಗೆ ಬರುತ್ತದೆ. ಈ ಕೆಲಸವನ್ನು ಮನೆಯ ಗಂಡಸರೂ ಮಾಡಬೇಕು, ಮಕ್ಕಳೂ ಮಾಡಬೇಕು. ಹಳೆಯ ಕಾಲದ ಅನ್ಯಾಯವನ್ನು ಹೊಸ ಅಭ್ಯಾಸದ ಹೆಸರಲ್ಲಿ ಮತ್ತೆ ಹೆಂಗಸರ ತಲೆಗೆ ಕಟ್ಟಬಾರದು.

ನಾವು ಬೆರೆಸಿ ಕೊಟ್ಟದ್ದನ್ನು ಕೊನೆಗೆ ಬೇರ್ಪಡಿಸುವುದು ಯಾರೋ ಒಬ್ಬ ಪೌರಕಾರ್ಮಿಕರ ಕೈ. ಒಡೆದ ಗಾಜು, ಬಳಸಿದ ಬ್ಲೇಡು, ಸೂಜಿ ಚುಚ್ಚುವುದು ಆ ಕೈಗೆ. ಅವನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ ಗುರುತು ಹಾಕಿ ಬೇರೆಯಾಗಿ ಕೊಡಿ. ನಾಳೆ ಆಟೋ ಬರುವ ಮುಂಚೆ ನಿಮ್ಮ ಮನೆಯ ಕಸವನ್ನು ನೀವೇ ಬೇರ್ಪಡಿಸಿ.