ನೋವಿಲ್ಲದ ಹುಣ್ಣು

ನಮ್ಮ ಐಹೊಳೆಗೆ ಬಂದವರನ್ನು ಮಲಪ್ರಭೆಯ ದಂಡೆಗೆ ಕರೆದೊಯ್ದು, ಬಂಡೆಯ ಮೇಲಿನ ಒಂದು ಹೆಜ್ಜೆಯ ಗುರುತನ್ನು ತೋರಿಸಿ, ಇದು ಪರಶುರಾಮನ ಪಾದವೆಂದು ಹೇಳುವ ವಾಡಿಕೆಯುಂಟು. ಅವನು ಕೊಡಲಿಯನ್ನು ತೊಳೆದಾಗ ಹೊಳೆಯ ನೀರು ಕೆಂಪಾಯಿತೆಂಬ ಕಥೆಯೂ ಅದರ ಬೆನ್ನಿಗೇ ಬರುವುದು. ಚಿಕ್ಕಂದಿನಲ್ಲಿ ನಾವು ಆ ಗುರುತಿನೊಳಗೆ ನಮ್ಮ ಪಾದಗಳನ್ನಿಟ್ಟು ಅಳೆದು ನೋಡುತ್ತಿದ್ದೆವು. ಮುಂದೆ ನಾನು ವೈದ್ಯನಾಗಿ ಅದೇ ಊರಿನಲ್ಲಿ ದವಾಖಾನೆಯನ್ನು ತೆರೆದು ಹಲವು ವರ್ಷಗಳಾದರೂ, ರೋಗಿಗಳ ಪಾದವನ್ನು ಅಷ್ಟು ಆಸ್ಥೆಯಿಂದ ನೋಡಿದವನಲ್ಲ. ನಾಲಗೆಯನ್ನು ನೋಡುತ್ತಿದ್ದೆನು, ನಾಡಿಯನ್ನು ಹಿಡಿಯುತ್ತಿದ್ದೆನು, ರಕ್ತದೊಳಗಿನ ಸಕ್ಕರೆಯನ್ನು ಪರೀಕ್ಷಿಸುತ್ತಿದ್ದೆನು; ಕಾಲ್ಮರಿಯನ್ನು ಕಳಚಿರೆಂದು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ನನ್ನ ಸೋದರಮಾವನವರು ಇಳಕಲ್ಲಿನ ನೇಕಾರರು. ಕುಣಿಮಗ್ಗದಲ್ಲಿ ಕಾಲುಗಳನ್ನು ಇಳಿಬಿಟ್ಟು, ಬರಿಯ ಅಂಗಾಲಿನಿಂದ ಹಲಗೆಯನ್ನು ತುಳಿಯುತ್ತ, ನಲವತ್ತು ವರ್ಷ ಸೀರೆಗಳನ್ನು ನೇಯ್ದವರು. ಅವರಿಗೆ ಮಧುಮೇಹವು ಅಂಟಿಕೊಂಡು ಹನ್ನೆರಡು ವರ್ಷಗಳಾಗಿದ್ದುವು. 2016ರ ಶ್ರಾವಣದಲ್ಲಿ ಅವರು ನನ್ನ ಮುಂದೆ ಬಲಗಾಲನ್ನು ಚಾಚಿದರು. ಹೆಬ್ಬೆರಳ ಬುಡದಲ್ಲಿ ಜಡ್ಡುಗಟ್ಟಿದ ಚರ್ಮದ ನಡುವೆ ರೂಪಾಯಿಯಗಲದ ಹುಣ್ಣು.

“ನೋವೈತೇನು ಮಾಮಾ?”

“ಒಂದೀಟೂ ಇಲ್ಲೋ ತಮ್ಮಾ.”

ಆ ಮಾತನ್ನು ಕೇಳಿ ನಾನು ಸಮಾಧಾನಪಟ್ಟೆನು. ಅಂಜಬೇಕಾಗಿದ್ದುದು ಅದಕ್ಕೇ. ಬಹುದಿನದ ಮಧುಮೇಹವು ಪಾದದ ನರಗಳನ್ನು ಜಡಗೊಳಿಸುವುದೆಂಬುದನ್ನು ನಾನು ಪುಸ್ತಕದಲ್ಲಿ ಓದಿರಲಿಲ್ಲವೆಂದಲ್ಲ. ಆದರೆ ಎದುರಿಗೆ ಕುಳಿತ ಮಾವನವರಲ್ಲಿ ಅದನ್ನು ಕಾಣಲಿಲ್ಲ. ಮುಲಾಮು ಹಚ್ಚಿ, ಪಟ್ಟಿ ಕಟ್ಟಿ, ಗುಳಿಗೆಗಳನ್ನು ಕೊಟ್ಟೆನು. ಎಂಟು ದಿನಕ್ಕೊಮ್ಮೆ ಬರುತ್ತಿದ್ದರು. ಪ್ರತಿಸಲವೂ ನಾನು ಮುಲಾಮನ್ನು ಬದಲಿಸುತ್ತಿದ್ದೆನು. ಪಟ್ಟಿ ಕಟ್ಟಿದ ಆ ಕಾಲಿನಿಂದಲೇ ಅವರು ದಿನವೆಲ್ಲ ಹಲಗೆಯನ್ನು ತುಳಿಯುತ್ತಿದ್ದರೆಂಬುದು ನನಗೆ ಗೊತ್ತಿತ್ತು. ಅದನ್ನು ಬಿಡಿಸಬೇಕೆಂದು ಹೊಳೆಯಲಿಲ್ಲ. ಎಳನೆಯ ವಾರ ಜ್ವರ ಬಂದಿತು, ಪಾದವು ಕಪ್ಪಾಯಿತು. ಬಾಗಲಕೋಟೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು.

ಮರುವರ್ಷ ಬೆಂಗಳೂರಿನಲ್ಲಿ ಮಧುಮೇಹಿಗಳ ಪಾದದ ಹುಣ್ಣುಗಳ ಶುಶ್ರೂಷೆಯನ್ನು ಕೈಯಿಂದ ಮಾಡಿಸಿ ಕಲಿಸುವ ಮೂರು ದಿನಗಳ ಶಿಬಿರಕ್ಕೆ ನಾನು ಹೋದೆನು. ನಮ್ಮ ದವಾಖಾನೆಯ ನರ್ಸಬಾಯಿಯವರೂ ಜೊತೆಗೆ ಬಂದರು. ವೈದ್ಯನೂ ಶುಶ್ರೂಷಕಿಯೂ ಜೋಡಿಯಾಗಿಯೇ ಕಲಿಯಬೇಕೆಂಬುದು ಈ ವಿದ್ಯೆಯಲ್ಲಿ ಮೊದಲಿನಿಂದ ಬಂದ ಪದ್ಧತಿ. 2004ರ ಸುಮಾರಿಗೆ ಭಾರತದಲ್ಲಿಯೂ ಟಾಂಜಾನಿಯಾದಲ್ಲಿಯೂ ‘ಸ್ಟೆಪ್ ಬೈ ಸ್ಟೆಪ್’ ಎಂಬ ಯೋಜನೆಯು ಹೀಗೆಯೇ ಕಲಿಸಿತು.

ಮೊದಲನೆಯ ದಿನ ಶಸ್ತ್ರವನ್ನು ಮುಟ್ಟಗೊಡಲಿಲ್ಲ. ಹತ್ತು ಗ್ರಾಮಿನ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ, ರೋಗಿಯು ಕಣ್ಣು ಮುಚ್ಚಿಕೊಂಡು ‘ಹೂಂ’ ಎನ್ನುವನೋ ಇಲ್ಲವೋ ನೋಡಬೇಕು. ಪಾದದ ಮೇಲೆಯೂ ಹರಡಿನ ಹಿಂದೆಯೂ ನಾಡಿಯನ್ನು ಹುಡುಕಬೇಕು. ರಕ್ತವು ಬಾರದ ಕಾಲಿಗೆ ಚಾಕುವನ್ನು ಹಚ್ಚಿದರೆ ಆ ಗಾಯವೇ ಮಾಯದೆ ಉಳಿಯುವುದು. ಎರಡನೆಯ ದಿನ ಕುರಿಯ ಕಾಲುಗಳನ್ನು ತಂದಿಟ್ಟರು. ಮಾಂಸವು ಬೇಯದ ಮನೆಯಲ್ಲಿ ಹುಟ್ಟಿದ ನಾನು ತುಸು ಹಿಂಜರಿದೆನು. ನರ್ಸಬಾಯಿಯವರು ಅಲಗನ್ನು ಎತ್ತಿಕೊಂಡು ನನಗಿಂತ ಮೊದಲೇ ಕೈ ಕುದುರಿಸಿಕೊಂಡರು. ಅಲಗನ್ನು ಮಲಗಿಸಿ ಹಿಡಿದು, ಈರುಳ್ಳಿಯ ಸಿಪ್ಪೆಯಂತೆ ತೆಳ್ಳಗೆ, ಪದರಪದರವಾಗಿ ಜಡ್ಡನ್ನು ತೆಗೆಯಬೇಕು. ಜಡ್ಡುಗಟ್ಟಿದ ಚರ್ಮವು ಅಂಗಾಲಿನ ಕೆಳಗೆ ಸಿಕ್ಕ ಹರಳಿನಂತೆ ಒಳಗಿನ ಮಾಂಸವನ್ನು ಅರೆಯುತ್ತಿರುವುದು. ಅದನ್ನು ತೆಗೆದ ಮೇಲೆಯೇ ಹುಣ್ಣಿನ ನಿಜವಾದ ಆಳವು ತಿಳಿಯುವುದು. ಬಳಿಕ ಮೊಂಡು ಸಲಾಕೆಯನ್ನು ಮೆಲ್ಲನೆ ಇಳಿಬಿಟ್ಟು, ತಳದಲ್ಲಿ ಗಟ್ಟಿಯಾಗಿ ಎಲುಬು ತಾಗಿದರೆ, ಎಲುಬಿಗೂ ಸೋಂಕು ತಗಲಿರಬೇಕೆಂದು ಸಂಶಯಪಡಬೇಕು. (ಇದನ್ನು ಓದಿ ಮನೆಯಲ್ಲಿ ಯಾರೂ ಬ್ಲೇಡಿನಿಂದ ಆಣಿಯನ್ನು ಕೆತ್ತಿಕೊಳ್ಳಬಾರದು. ಅಂತಹವರ ಕಾಲುಗಳನ್ನು ನಾನು ಸಾಕಷ್ಟು ಕಂಡಿರುವೆನು.)

ಮೂರನೆಯ ದಿನ ಒಬ್ಬರ ಕಾಲಿಗೆ ಇನ್ನೊಬ್ಬರು ಪ್ಲಾಸ್ಟರು ಕಟ್ಟಿದೆವು. ಅಂಗಾಲಿನಿಂದ ಮೊಣಕಾಲಿನವರೆಗೆ ಮೈಗೊಪ್ಪುವಂತೆ ಕಟ್ಟಿದಾಗ, ಒಂದೇ ಕಡೆ ಬೀಳುತ್ತಿದ್ದ ದೇಹದ ಭಾರವು ಕಾಲಿಗೆಲ್ಲ ಹಂಚಿಹೋಗುವುದು. ಹುಣ್ಣಿಗೆ ಮಾಯಲು ಬಿಡುವು ದೊರೆಯುವುದು. ಇದರ ಹಿಂದಿನ ವಿಚಾರವು ನಮ್ಮ ನೆರೆನಾಡಿನಲ್ಲಿಯೇ ಬೆಳೆಯಿತು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್‌ರು, ಕುಷ್ಠರೋಗಿಗಳ ಪಾದಗಳು ತಾವಾಗಿ ಕೊಳೆಯುವುದಿಲ್ಲ, ನೋವು ತಿಳಿಯದ್ದರಿಂದ ಗಾಯದ ಮೇಲೆಯೇ ನಡೆನಡೆದು ಹಾಳಾಗುವುವು ಎಂದು ಕಂಡುಕೊಂಡರು. 1966ರಲ್ಲಿ ಅವರು ಅಮೇರಿಕೆಯ ಕಾರ್ವಿಲ್ಲಿಗೆ ಹೋದ ಮೇಲೆ ಆ ತಿಳಿವಳಿಕೆಯು ಮಧುಮೇಹಿಗಳ ಉಪಯೋಗಕ್ಕೂ ಬಂದಿತು. ವೆಲ್ಲೂರಿನಲ್ಲಿ ಹುಟ್ಟಿದ ತಿಳಿವಳಿಕೆಯು ಐಹೊಳೆಯ ವೈದ್ಯನಿಗೆ ಸಿಕ್ಕಿದ್ದು ಒಂದು ಕಾಲು ಹೋದ ಬಳಿಕ! ಆ ರಾತ್ರಿ ಪ್ಲಾಸ್ಟರಿನೊಡನೆಯೇ ವಸತಿಗೃಹದ ಮೆಟ್ಟಿಲುಗಳನ್ನು ಹತ್ತುವಾಗ, ಹೀಗೆ ವಾರಗಟ್ಟಲೆ ಮಗ್ಗವನ್ನು ಬಿಟ್ಟು ಕುಳಿತಿರೆಂದು ಹೇಳುವುದು ಎಷ್ಟು ಸುಲಭ, ಕೂಡ್ರುವುದು ಎಷ್ಟು ಕಷ್ಟವೆಂಬುದೂ ತಿಳಿಯಿತು. ಮನೆ ನಡೆಯುವುದು ಹೇಗೆಂದು ಕೇಳದೆ ನಾನೀಗ ಯಾರಿಗೂ ಪ್ಲಾಸ್ಟರು ಕಟ್ಟುವುದಿಲ್ಲ.

ಗೃಹಿಣಿಯರೂ ಮಾಡಬಹುದಾದ ಪರೀಕ್ಷೆಯೊಂದುಂಟು. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ವೈದ್ಯರು 2011ರಲ್ಲಿ ಪ್ರಕಟಿಸಿದ್ದು. ಮಧುಮೇಹವುಳ್ಳವರು ಕಣ್ಣು ಮುಚ್ಚಿಕೊಳ್ಳಲಿ. ಎರಡೂ ಪಾದಗಳ ಹೆಬ್ಬೆರಳು, ನಡುವಿನ ಬೆರಳು, ಕಿರುಬೆರಳುಗಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಕ್ಷಣ ಹಗುರವಾಗಿ ಮುಟ್ಟಿರಿ, ಒತ್ತಬೇಡಿರಿ, ತಟ್ಟಬೇಡಿರಿ. ಆರರಲ್ಲಿ ಎರಡು ತಿಳಿಯದಿದ್ದರೂ ಆ ಪಾದಗಳನ್ನು ವೈದ್ಯರಿಗೆ ತೋರಿಸತಕ್ಕದ್ದು. ಅಂತಹವರು ಬಿಸಿನೀರಿನಲ್ಲಿ ಕಾಲು ನೆನೆಯಿಡಬಾರದು, ಮನೆಯೊಳಗೂ ಬರಿಗಾಲಿನಲ್ಲಿ ತಿರುಗಬಾರದು. ಚೈತ್ರದ ಬಿಸಿಲಿನಲ್ಲಿ ನಮ್ಮೂರ ಗುಡಿಗಳ ಕಲ್ಲುಹಾಸಿನ ಮೇಲೆ ಭಕ್ತಿಯಿಂದ ಸುತ್ತಿ, ಅಂಗಾಲಿನಲ್ಲಿ ಬೊಬ್ಬೆಗಳೆದ್ದುದು ಮರುದಿನ ಹಾಸಿಗೆಯು ಒದ್ದೆಯಾದಾಗ ತಿಳಿದವರೊಬ್ಬರು ನನ್ನಲ್ಲಿಗೆ ಬಂದಿದ್ದರು. ಅವರ ಪಾದಗಳು ಉಳಿದುವು.

ಮಾವನವರು ಈಗ ಮಗ್ಗಕ್ಕೆ ಇಳಿಯುವುದಿಲ್ಲ. ಗೋಡೆಗೊರಗಿ ಕುಳಿತು ಕಂಡಿಕೆಗಳನ್ನು ಸುತ್ತುವರು. ತಿಂಗಳಿಗೊಮ್ಮೆ ಇಳಕಲ್ಲಿಗೆ ಹೋಗಿ ಅವರ ಎಡಪಾದವನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತೇನೆ. ಹಿಂದಿನದನ್ನು ಅವರು ಒಮ್ಮೆಯೂ ಎತ್ತಿ ಆಡಿಲ್ಲ. ಕಳೆದ ಸಲ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕುಳಿತರು. ನಾನು ಕಿರುಬೆರಳಿನಿಂದ ಹೆಬ್ಬೆರಳಿಗೆ ಬಂದಿದ್ದೆನು.

“ಮುಟ್ಟೀಯೇನೋ ತಮ್ಮಾ, ಇಲ್ಲಾ ಸುಮ್ಮನ ಕೂತೀಯೋ?” ಎಂದರು.