ಅಳತೆಯ ಲೋಟ

ಬೆಂಗಳೂರಿನ ಜಯನಗರದಲ್ಲಿ ಸುಮಾರು ನಲವತ್ತು ವರ್ಷಗಳ ಹಿಂದೆ ಕಟ್ಟಿದ ಆ ಮನೆಗೆ, ಕಾಗದದಲ್ಲಿ ಸುತ್ತಿದ ಸೀಸೆ ಎಂದೂ ಬಂದುದಿಲ್ಲವೆಂಬುದು ಮನೆಯವರೆಲ್ಲರ ಹೇಳಿಕೆ. ಮಧ್ಯಮವರ್ಗದ ಗೃಹಸ್ಥರಿಗೆ ಮದ್ಯದ ಸಂಗತಿ ದೆವ್ವದ ಸಂಗತಿಯಿದ್ದಂತೆ. ಪಕ್ಕದ ಬೀದಿಯಲ್ಲಿದೆಯೆಂದು ಎಲ್ಲರೂ ಹೇಳುತ್ತಾರೆ. ತಮ್ಮ ಮನೆಯಲ್ಲಿ ಕಂಡೆನೆಂದು ಯಾರೂ ಒಪ್ಪುವುದಿಲ್ಲ.

ಆದುದರಿಂದ ಒಂದು ಶನಿವಾರ ಸಂಜೆ ರಾಯರ ಮಗನು ನಾಲ್ಕು ಬಿಯರ್ ಸೀಸೆಗಳನ್ನೂ ಒಂದು ಜಿನ್ ಸೀಸೆಯನ್ನೂ ಟಾನಿಕ್ ನೀರಿನ ಎರಡು ಡಬ್ಬಿಗಳನ್ನೂ ಊಟದ ಮೇಜಿನ ಮೇಲೆ, ದೀಪದ ನೇರ ಕೆಳಗೆ, ಸಾಲಾಗಿ ಇರಿಸಿದಾಗ ಒಂದು ನಿಮಿಷ ಗೋಡೆಯ ಗಡಿಯಾರವೊಂದೇ ಮಾತನಾಡಿತು. ತಾಯಿ ಎದ್ದುಹೋಗಿ ದೇವರ ಕೋಣೆಯ ಬಾಗಿಲನ್ನು ಮುಂದಕ್ಕೆಳೆದು ಬಂದರು. ರಾಯರು ಕನ್ನಡಕವನ್ನು ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು.

“ಅಪ್ಪ, ನಾನು ಒಮ್ಮೊಮ್ಮೆ ಕುಡಿಯುವುದು ನಿಮಗೆ ಗೊತ್ತು. ನಿಮಗೆ ಗೊತ್ತಿರುವುದು ನನಗೂ ಗೊತ್ತು. ಹೊರಗೆ ಕುಡಿದು, ಏಲಕ್ಕಿ ಅಗಿಯುತ್ತ ಒಳಗೆ ಬರುವ ವಯಸ್ಸೆ ಇದು? ನನಗೆ ನಲವತ್ತಾಯಿತು. ಇವತ್ತು ಕುಡಿಯುವುದಕ್ಕಲ್ಲ, ರುಚಿ ನೋಡುವುದಕ್ಕೆ ತಂದಿದ್ದೇನೆ. ನಿಮ್ಮೆದುರಿಗೆ.”

ಏಲಕ್ಕಿಯ ಹೆಸರು ಬಂದಾಗ ರಾಯರ ಕೈ ಕನ್ನಡಕದ ಮೇಲೆ ಒಂದು ಕ್ಷಣ ನಿಂತಿತು. ಅದನ್ನು ಯಾರೂ ಗಮನಿಸಲಿಲ್ಲ.

ಎಪ್ಪತ್ತಾರು ವರ್ಷದ ರಾಯರು ಲೆಕ್ಕಪತ್ರದ ಕಚೇರಿಯಲ್ಲಿ ಆಯುಷ್ಯವನ್ನು ಸವೆಸಿದವರು. ಅಳತೆಗೆ ಸಿಕ್ಕದ ಯಾವ ವಸ್ತುವಿನಲ್ಲಿಯೂ ಅವರಿಗೆ ವಿಶ್ವಾಸವಿಲ್ಲ. ಮಗನ ಕೈಯಲ್ಲಿ ಮಿಲಿಲೀಟರಿನ ಗೆರೆಗಳುಳ್ಳ ಪುಟ್ಟ ಲೋಟವನ್ನು ಕಂಡು, ಅವರು ಕುರ್ಚಿಯನ್ನು ಗೇಣುದ್ದ ಮುಂದಕ್ಕೆ ಎಳೆದುಕೊಂಡರು. ಅನುಮತಿ ದೊರೆಯಿತೆಂದು ಸೊಸೆ ಅರ್ಥಮಾಡಿಕೊಂಡು ಲೋಟಗಳನ್ನು ತಂದಳು.

ರುಚಿ ನೋಡುವುದಕ್ಕೂ ಒಂದು ಕ್ರಮವುಂಟು. ತಿಳಿಬಣ್ಣದ್ದು ಮೊದಲು, ಕಪ್ಪಾದದ್ದು ಕೊನೆಗೆ. ಮೊದಲು ಮೂಗು, ಅನಂತರ ನಾಲಗೆ. ನಡುನಡುವೆ ಬರಿಯ ನೀರು. ಎಲ್ಲ ಬಿಯರಿಗೂ ಮೂಲದ್ರವ್ಯ ಹೆಚ್ಚು ಕಡಿಮೆ ಒಂದೇ: ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಪ್ಸ್ ಎಂಬ ಕಹಿ ಹೂವು, ಯೀಸ್ಟ್, ನೀರು. ಬವೇರಿಯದಲ್ಲಿ 1516ರಲ್ಲಿ ಹೊರಟ ಶಾಸನವು ಬಾರ್ಲಿ, ಹಾಪ್ಸ್, ನೀರು ಇವಲ್ಲದೆ ಬೇರೇನನ್ನೂ ಬಳಸಕೂಡದೆಂದು ವಿಧಿಸಿತು. ಅದರಲ್ಲಿ ಯೀಸ್ಟಿನ ಹೆಸರೇ ಇಲ್ಲ. “ನಾವು ದೋಸೆ ಹಿಟ್ಟಿಗೆ ಹುಳಿ ಬರಿಸುವಾಗ ಯಾರ ಹೆಸರು ಹೇಳುತ್ತೇವೆ? ರಾತ್ರಿ ಮುಚ್ಚಿಡುತ್ತೇವೆ, ಬೆಳಗ್ಗೆ ಉಬ್ಬಿರುತ್ತದೆ,” ಎಂದು ತಾಯಿ ಅಡಿಗೆಮನೆಯ ಬಾಗಿಲಿನಿಂದ ಆ ಶಾಸನವನ್ನು ಸಮರ್ಥಿಸಿದರು.

ಮೊದಲನೆಯದು ಪಿಲ್ಸ್ನರ್, ಬೊಹೀಮಿಯದ ಪಿಲ್ಸೆನ್ ಪಟ್ಟಣದಲ್ಲಿ 1842ರಲ್ಲಿ ಹುಟ್ಟಿದ, ಹೊಂಬಣ್ಣದ ಜಾತಿ. ರಾಯರು ಉದ್ಧರಣೆಯಷ್ಟು ಬಾಯಿಗೆ ಹಾಕಿಕೊಂಡು, ಹಾಗಲಕಾಯಿಯ ಗೊಜ್ಜಿನಲ್ಲಿ ಬೆಲ್ಲ ಮರೆತಂತಿದೆಯೆಂದು ತೀರ್ಪು ಕೊಟ್ಟರು. ಎರಡನೆಯದು ಗೋಧಿಯ ಬಿಯರು. ಬಾಯಿಗೆ ಬೇಡ, ವಾಸನೆ ಮಾತ್ರ ನೋಡೆಂದು ಮಗನು ತಾಯಿಯ ಮುಂದೆ ಹಿಡಿದ. ಆಕೆ ಸೆರಗನ್ನು ಮೂಗಿನಿಂದ ಸ್ವಲ್ಪ ಸರಿಸಿ, “ಲವಂಗ ಹಾಕಿದ್ದಾರೆ. ಕಳಿತ ಬಾಳೆಹಣ್ಣೂ ಇದೆ,” ಎಂದರು. ಮಗ ಬೆರಗಾದ. ಅದರಲ್ಲಿ ಲವಂಗವೂ ಇಲ್ಲ, ಬಾಳೆಯೂ ಇಲ್ಲ; ಆ ಎರಡು ಪರಿಮಳಗಳನ್ನೂ ಹುಟ್ಟಿಸುವುದು ಯೀಸ್ಟು. ಬಲ್ಲವರು ಆ ಬಿಯರನ್ನು ಗುರುತಿಸುವುದೂ ಅದರಿಂದಲೇ. ಮೂರನೆಯದು ಕಪ್ಪನೆಯ ಸ್ಟೌಟ್. “ಕಾಫಿ ಬೀಜ ಒಂದು ಹದ ಮುಂದಕ್ಕೆ ಹುರಿದಿದೆ,” ಎಂದರು ತಾಯಿ. ಹುರಿದದ್ದು ಬಾರ್ಲಿ, ಆದರೆ ಹದದ ವಿಷಯದಲ್ಲಿ ಆಕೆಯ ಮಾತು ಅಕ್ಷರಶಃ ನಿಜ. ನಲವತ್ತೈದು ವರ್ಷ ಅಂಗಡಿಯ ಮುಂದೆ ನಿಂತು ಬೀಜ ಹುರಿಸಿ ತಂದ ಮೂಗು ಸುಳ್ಳು ಹೇಳೀತೆ?

ಬಳಿಕ ಬೆರೆಸುವ ವಿದ್ಯೆ. ಅರ್ಧ ಬಿಯರಿಗೆ ಅರ್ಧ ನಿಂಬೆಯ ಸೋಡ ಸೇರಿಸಿದರೆ ಶಾಂಡಿ. ಶೇಕಡ 5ರಷ್ಟಿದ್ದ ಮದ್ಯಸಾರ ಎರಡೂವರೆಗೆ ಇಳಿಯುತ್ತದೆ. ಇನ್ನು ಪಂಚ್ ಎಂಬ ಪಾನೀಯಕ್ಕೆ ಹುಳಿ ಒಂದು ಪಾಲು, ಸಿಹಿ ಎರಡು, ಮದ್ಯ ಮೂರು, ನೀರು ನಾಲ್ಕು ಎಂಬುದು ಹಳೆಯ ಲೆಕ್ಕ. ಮೇಲೆ ಸ್ವಲ್ಪ ಸಂಬಾರ. ಐದು ದ್ರವ್ಯಗಳ ದೆಸೆಯಿಂದ ನಮ್ಮ ‘ಪಂಚ’ವೇ ಆ ಹೆಸರಾಯಿತೆಂದು ಬಹುಮಂದಿ ನಂಬುತ್ತಾರೆ. ಇಂಡಿಯಾದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯವರ 1632ರ ಪತ್ರವೊಂದರಲ್ಲಿ ಆ ಹೆಸರು ಆಗಲೇ ಬಂದಿದೆ. ಮಗನು ಇದನ್ನೆಲ್ಲ ವಿವರಿಸಿ ಮುಗಿಸಿದಾಗ ತಾಯಿ, “ಮೂರನೆಯ ಪಾಲನ್ನು ಬಿಟ್ಟರೆ ರಾಮನವಮಿಯ ಪಾನಕ. ಇಷ್ಟಕ್ಕೆ ಇಂಗ್ಲಿಷರು ಬರಬೇಕಾಗಿತ್ತೆ?” ಎಂದರು. ಮಗ ಹಿಂಡಿದ್ದ ನಿಂಬೆರಸಕ್ಕೆ ಆಕೆಯೇ ಒಂದು ಚಿಟಿಕೆ ಉಪ್ಪು ಹಾಕಿದರು. ರುಚಿ ಕೂಡಲೇ ನೆಟ್ಟಗಾಯಿತು.

ಟಾನಿಕ್ ನೀರಿನ ಡಬ್ಬಿಯನ್ನು ತೆರೆದಾಗ, ಜಿನ್ ಬೆರೆಸುವ ಮುನ್ನವೇ ರಾಯರು ಕೈಚಾಚಿದರು. ಒಂದು ಗುಟುಕು ಕುಡಿದು, ಲೋಟವನ್ನು ಕೆಳಗಿಡದೆ ಹಾಗೆಯೇ ಕುಳಿತರು.

“ಕ್ವಿನೈನ್,” ಎಂದರು.

ಅವರ ನಾಲಗೆ ತಪ್ಪಲಿಲ್ಲ. ಸಿಂಕೋನ ಮರದ ತೊಗಟೆಯಿಂದ ಇಬ್ಬರು ಫ್ರೆಂಚರು 1820ರಲ್ಲಿ ಬೇರ್ಪಡಿಸಿದ ಮದ್ದು ಅದು. ಅದನ್ನು ಸೋಡದಲ್ಲಿ ಬೆರೆಸಿ ಮಾರಲು 1858ರಲ್ಲಿ ಲಂಡನ್ನಿನ ಎರಾಸ್ಮಸ್ ಬಾಂಡ್ ಎಂಬವನು ಪೇಟೆಂಟ್ ಪಡೆದ. ಇಂದಿನ ಟಾನಿಕ್ಕಿನಲ್ಲಿ ಉಳಿದಿರುವುದು ಜ್ವರ ಬಿಡಿಸುವಷ್ಟು ಮದ್ದಲ್ಲ. ಕಹಿಯ ನೆನಪಿನಷ್ಟು ಮಾತ್ರ. ರಾಯರಿಗೆ ಅಷ್ಟು ಸಾಕಾಗಿತ್ತು. 1950ರ ದಶಕ, ತೀರ್ಥಹಳ್ಳಿಯ ಕಡೆಯ ಹಳ್ಳಿ, ಮಲೆನಾಡಿನ ಚಳಿಜ್ವರ, ಮೂರು ಕಂಬಳಿ ಹೊದಿಸಿದರೂ ನಿಲ್ಲದ ನಡುಕ. ಏಳು ವರ್ಷದ ಹುಡುಗ ಬಾಯಿ ತೆರೆಯದೆ ಹಟ ಹಿಡಿದಾಗ, ಆರು ವರ್ಷ ಹಿರಿಯನಾದ ಅಣ್ಣ ಆ ಮದ್ದನ್ನು ಮೊದಲು ತಾನು ನಾಲಗೆಗೆ ಹಚ್ಚಿಕೊಂಡು, “ಕಹಿಯೇ ಇಲ್ಲವೋ!” ಎಂದು ಮುಖವನ್ನು ಕೊಂಚವೂ ಕಿವಿಚದೆ ಸುಳ್ಳು ಹೇಳುತ್ತಿದ್ದ.

ನಾಲ್ಕನೆಯ ಸೀಸೆ ಮೇಜಿನ ಮೇಲೆ ಉಳಿದಿತ್ತು. 650 ಮಿಲಿಲೀಟರಿನ ಸ್ಟ್ರಾಂಗ್ ಬಿಯರ್. ರಾಯರು ಅದನ್ನು ತಿರುಗಿಸಿ ಲೇಬಲನ್ನು ಓದಿದರು. ಶೇಕಡ 8.

“ಎಷ್ಟಾದರೂ ಬಿಯರ್ ತಾನೆ, ಅಪ್ಪ,” ಎಂದ ಮಗ.

ರಾಯರು ಪೆನ್ಸಿಲ್ ತೆಗೆದುಕೊಂಡು, ವಿದ್ಯುತ್ ಬಿಲ್ಲಿನ ಬೆನ್ನಿನ ಮೇಲೆ ಲೆಕ್ಕ ಹಾಕಿದರು. 650ಕ್ಕೆ ಶೇಕಡ 8ರಂತೆ 52 ಮಿಲಿಲೀಟರ್ ಮದ್ಯಸಾರ. ಇಲ್ಲಿ ಮಾರುವ ವಿಸ್ಕಿಯಲ್ಲಿ ಎಷ್ಟಿರುತ್ತದೆಂದು ಕೇಳಿದರು. ಶೇಕಡ 42.8 ಎಂದ ಮಗ. 30 ಮಿಲಿಲೀಟರಿನ ಒಂದು ಪೆಗ್ಗಿಗೆ 12.84. ಭಾಗಿಸಿದರು.

“ನಾಲ್ಕು ಪೆಗ್ಗು. ಈ ಒಂದು ಸೀಸೆ ನಾಲ್ಕು ಪೆಗ್ ವಿಸ್ಕಿಗೆ ಸಮ,” ಎಂದು ಬಿಲ್ಲನ್ನು ಮಗನ ಕಡೆಗೆ ಸರಿಸಿದರು. ಅನಂತರ, ಧ್ವನಿಯನ್ನು ಏರಿಸದೆ, “ನಿನ್ನ ದೊಡ್ಡಪ್ಪನೂ ‘ಬಿಯರ್ ತಾನೆ’ ಎಂದೇ ಹೇಳುತ್ತಿದ್ದ,” ಎಂದರು.

ಮಗ ತಲೆಯೆತ್ತಿದ. ದೊಡ್ಡಪ್ಪ ತೀರಿಕೊಂಡಾಗ ಅವನಿಗೆ ಏಳು ವರ್ಷ. ಹೊಟ್ಟೆನೋವೆಂದು ಹೇಳಿದ್ದರು, ಅವನೂ ಇಷ್ಟು ಕಾಲ ಹಾಗೆಯೇ ತಿಳಿದಿದ್ದ.

“ಹೊಟ್ಟೆನೋವಲ್ಲ. ಲಿವರ್ ಗಟ್ಟಿಯಾಗಿ ಹೋಗಿತ್ತು. ನಲವತ್ತೊಂಬತ್ತು ವರ್ಷ ಅವನಿಗೆ. ಕುಡಿಯುತ್ತಿದ್ದುದು ಇದೇ ಮನೆಯಲ್ಲಿ, ಮಹಡಿಯ ಕೋಣೆಯಲ್ಲಿ, ದೀಪ ಆರಿಸಿಕೊಂಡು. ಅಮ್ಮನಿಗೆ ವಾಸನೆ ತಿಳಿಯಬಾರದೆಂದು ಏಲಕ್ಕಿ ತಂದುಕೊಡುತ್ತಿದ್ದವನು ನಾನು. ಅಣ್ಣನ ಮರ್ಯಾದೆ ಉಳಿಸುತ್ತಿದ್ದೇನೆಂದು ತಿಳಿದಿದ್ದೆ. ಏಳು ವರ್ಷ ತಂದುಕೊಟ್ಟೆ. ಒಂದು ದಿನವೂ, ಎಷ್ಟು ಕುಡಿದೆಯೆಂದು ಕೇಳಲಿಲ್ಲ.”

“ಅತ್ತೆಗೆ ಗೊತ್ತಿತ್ತು,” ಎಂದರು ರಾಯರ ಪತ್ನಿ, ಬಾಗಿಲಿನಿಂದ ಮೊದಲ ಬಾರಿಗೆ ಈಚೆಗೆ ಬಂದು ಕುಳಿತು. “ನನಗೂ ಗೊತ್ತಿತ್ತು. ಏಲಕ್ಕಿ ಡಬ್ಬಿ ಖಾಲಿಯಾಗುವುದು ಅಡಿಗೆಮನೆಯವರಿಗೆ ತಿಳಿಯುವುದಿಲ್ಲವೆ? ನಾಲ್ಕು ಜನ ಒಂದೇ ಸಂಗತಿಯನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡೆವು.”

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ, ಮದ್ಯವನ್ನು ಎಷ್ಟು ಕಡಿಮೆ ಕುಡಿದರೂ ಅದು ಸಂಪೂರ್ಣ ನಿರಪಾಯವೆಂದು ಹೇಳಲಾಗದೆಂದು ಸಾರಿದೆ. ಮಗನು ಅದನ್ನು ಓದಿಬಲ್ಲ; ತಂದೆಯ ಮುಂದೆ ಸಮರ್ಥನೆಯ ಮಾತುಗಳನ್ನು ಸಿದ್ಧಮಾಡಿಕೊಂಡೂ ಬಂದಿದ್ದ. ಆದರೆ ವಿದ್ಯುತ್ ಬಿಲ್ಲಿನ ಬೆನ್ನಿನ ಮೇಲಿದ್ದ ಲೆಕ್ಕಕ್ಕೆ ಅವನಲ್ಲಿ ಉತ್ತರವಿರಲಿಲ್ಲ.

ಅಂದು ಆ ಮನೆಯಲ್ಲಿ ಯಾರೂ ಪ್ರತಿಜ್ಞೆ ಮಾಡಲಿಲ್ಲ. ಯಾರೂ ಮಾಡಿಸಲೂ ಇಲ್ಲ. ಮಗನು ಅಳತೆಯ ಲೋಟದಲ್ಲಿ 30ರ ಗೆರೆಯವರೆಗೆ ಜಿನ್ ಸುರಿದು ಟಾನಿಕ್ಕಿನೊಡನೆ ಬೆರೆಸಿಕೊಂಡ, ಒಂದೇ ಲೋಟ. ನಾಲ್ಕನೆಯ ಸೀಸೆಯನ್ನು ತೆರೆಯದೆ, ಮರುದಿನ ಬಚ್ಚಲಿಗೆ ಸುರಿದ. ಜಿನ್ ಸೀಸೆಯನ್ನು ಗಾಜಿನ ಬಾಗಿಲಿನ ಬೀರುವಿನಲ್ಲಿ, ಎಲ್ಲರಿಗೂ ಕಾಣುವಂತೆ ಇಟ್ಟ. ಇಡುವ ಮುನ್ನ ತಂದೆಯ ಪೆನ್ಸಿಲನ್ನೇ ಕೇಳಿ ಪಡೆದು, ಲೇಬಲಿನ ಮೇಲೆ ಮಟ್ಟದ ಗೆರೆಯನ್ನೂ ತಾರೀಖನ್ನೂ ಗುರುತು ಮಾಡಿದ.

ಈಗ ಶನಿವಾರ ಸಂಜೆಗಳಲ್ಲಿ ರಾಯರಿಗೆ ಟಾನಿಕ್ ನೀರು ಮಾತ್ರ. ಊರಿನಿಂದ ಬಂದ ಮುರುಗಲಿನ ರಸವನ್ನು ಅದರಲ್ಲಿ ಎರಡು ಚಮಚ ಬೆರೆಸಿ ಪತ್ನಿ ಕೊಡುತ್ತಾರೆ. ಬಣ್ಣ ಕೆಂಪಾಗುತ್ತದೆ, ಕಹಿ ಹಾಗೆಯೇ ಉಳಿಯುತ್ತದೆ. ಆ ಕಹಿಯನ್ನು ರಾಯರು ಮುಖ ಕಿವಿಚಿಯೇ ಕುಡಿಯುತ್ತಾರೆ, “ಕಹಿಯಾಗಿದೆ” ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಎದ್ದುಹೋಗುವಾಗ ಬೀರುವಿನ ಮುಂದೆ ಒಂದು ಗಳಿಗೆ ನಿಂತು ಗೆರೆಯನ್ನು ನೋಡುತ್ತಾರೆ. ಮಗನೂ ನೋಡಗೊಡುತ್ತಾನೆ.