ಅಟ್ಟದಿಂದಿಳಿದ ಭೂತ

ಗೃಹಸ್ಥನಾದವನು ವರ್ಷಕ್ಕೊಮ್ಮೆಯಾದರೂ ಅಟ್ಟವನ್ನು ಹತ್ತಿಳಿಯಬೇಕೆಂದು ಯಾವ ಧರ್ಮಶಾಸ್ತ್ರದಲ್ಲಿ ಹೇಳಿದೆಯೋ ನಾನರಿಯೆ. ನನ್ನ ಶ್ರೀಮತಿಯ ಶಾಸ್ತ್ರದಲ್ಲಂತೂ ಅದು ಮೀರಲಾಗದ ವಿಧಿ. ನವರಾತ್ರಿಗೆ ಮುಂಚಿನ ಒಂದು ಭಾನುವಾರ, ಕನ್ನಡ ಎಂ.ಎ. ಪದವಿಯು ಏಣಿ ಹತ್ತುವುದಕ್ಕೆ ಎಳ್ಳಷ್ಟೂ ನೆರವಾಗುವುದಿಲ್ಲವೆಂಬ ಸತ್ಯವನ್ನು ಮನಗಾಣುತ್ತ, ನಾನು ಮೈಸೂರಿನ ನಮ್ಮ ಹಳೆಯ ಮನೆಯ ಅಟ್ಟವನ್ನೇರಿದೆ. ತೂತುಬಿದ್ದ ಹಂಡೆ, ಕಾಲು ಮುರಿದ ತೊಟ್ಟಿಲು, ತಂದೆಯವರು ಕಟ್ಟಿಟ್ಟಿದ್ದ ಹಳೆಯ ಪಂಚಾಂಗಗಳು. ಇವುಗಳ ಹಿಂದೆ ಒಂದು ತಗಡಿನ ಪೆಟ್ಟಿಗೆ. ಮುಚ್ಚಳ ತೆರೆದು ಕೈಯಿಟ್ಟೊಡನೆ ಅಂಟಂಟಾದುದೇನೋ ಬೆರಳಿಗೆ ತಗಲಿತು. ಹೊರಗೆಳೆದೆ. ಎರಡು ಕಣ್ಣುಕುಳಿಗಳು ನನ್ನನ್ನು ದಿಟ್ಟಿಸಿದವು.

ಕೆಳಗಿದ್ದ ನನ್ನ ಮಗಳು ಕಿಟ್ಟನೆ ಕಿರುಚಿದಳು. ಏಣಿ ಹಿಡಿದಿದ್ದ ಶ್ರೀಮತಿ, “ಅದೇನ್ರೀ ಅದು, ಅನಿಷ್ಟ!” ಎಂದಳು.

ಅದು ರಬ್ಬರಿನ ಭೂತದ ಮುಖವಾಡ. 2004ರ ದಸರಾ ರಜೆಯಲ್ಲಿ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನದ ಅಂಗಡಿಯೊಂದರಲ್ಲಿ, ನಾಲ್ವರು ಹುಡುಗರು ಹಪ್ಪಳದ ಹಣವನ್ನೂ ತೊಟ್ಟಿಲಗಾಲಿಯ ಹಣವನ್ನೂ ತ್ಯಾಗಮಾಡಿ ಕೊಂಡದ್ದು. ಆಗ ಅದರ ಹಲ್ಲುಗಳಿಂದ ನೆತ್ತರು ಸುರಿಯುತ್ತಿತ್ತು. ಈಗ ಆ ಕೆಂಪು ಮಾಸಿ, ಎಲೆ ಅಡಿಕೆ ಹಾಕಿಕೊಂಡ ವೃದ್ಧರ ಬಾಯಿಯಂತಾಗಿದೆ. ರಬ್ಬರಿಗೂ ಮುಪ್ಪುಂಟು. ಗಾಳಿಯೂ ಬಿಸಿಲೂ ಸೆಕೆಯೂ ಸೇರಿ ಅದರ ಅಣುಗಳ ಸರಪಳಿಯನ್ನು ಕಡಿಯುತ್ತ ಬರುತ್ತವೆ. ಮೊದಲು ಮೈ ಅಂಟಾಗುತ್ತದೆ, ಆಮೇಲೆ ಬಿರುಸಾಗಿ ಸೀಳುತ್ತದೆ. ನಮ್ಮ ಭೂತ ಇನ್ನೂ ಅಂಟಿನ ಅವಸ್ಥೆಯಲ್ಲಿತ್ತು.

ಆ ವರ್ಷದ ಆಗಸ್ಟಿನಲ್ಲಿ ‘ಆಪ್ತಮಿತ್ರ’ ತೆರೆಕಂಡಿತ್ತು. ಊರಿನ ಹುಡುಗರಿಗೆಲ್ಲ ನಾಗವಲ್ಲಿಯ ಹುಚ್ಚು. ಮನೆಯ ಕದಗಳ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಹಿಂದಕ್ಕೆ ಕಳುಹುತ್ತಿದ್ದ ಕಾಲದಲ್ಲಿ ಹುಟ್ಟಿ ಬೆಳೆದ ನಮಗೆ, ದೆವ್ವವೆಂದರೆ ಭಯಕ್ಕಿಂತ ಹೆಚ್ಚಾಗಿ ಒಂದು ಬಗೆಯ ನಂಟು. ಇಂಥ ಸಮಯದಲ್ಲಿ ಅಮೆರಿಕದಿಂದ ರಜೆಗೆ ಬಂದ ನನ್ನ ಸೋದರಮಾವ ಒಂದು ವಿಡಿಯೊ ಕ್ಯಾಮೆರಾ ತಂದರು. ಅಂಗೈಯಲ್ಲಿ ಅಡಗುವ ಯಂತ್ರ. ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದಾದ ಕ್ಯಾಸೆಟ್ಟು. ಅದರಲ್ಲಿ 60 ನಿಮಿಷಗಳ ಟೇಪು. ಸಾಲದುದಕ್ಕೆ, ಗುಂಡಿಯೊಂದನ್ನು ಸರಿಸಿದರೆ ಕಗ್ಗತ್ತಲಲ್ಲಿಯೂ ಅದು ಹಸಿರು ಛಾಯೆಯ ಚಿತ್ರ ತೆಗೆಯುತ್ತಿತ್ತು. ದೆವ್ವದ ಚಿತ್ರ ತೆಗೆಯದೆ ಇರುವುದು ಸಾಧ್ಯವೆ, ನೀವೇ ಹೇಳಿ.

ಕ್ಯಾಮೆರಾ ನನ್ನ ಮಾವನದು. ಆದ್ದರಿಂದ ಕಥೆ, ಸಂಭಾಷಣೆ, ನಿರ್ದೇಶನ, ನಾಯಕನ ಪಾತ್ರ ಎಲ್ಲವೂ ನನ್ನವು. ಭೂತದ ಪಾತ್ರವನ್ನು ಪಕ್ಕದ ಬೀದಿಯ ಗೆಳೆಯನಿಗೆ ಕೊಟ್ಟೆ. ಅವನಿಗೆ ಉಗ್ಗು. ಶಾಲೆಯಲ್ಲಿ ಹಾಜರಿ ಕೂಗುವಾಗ ಅವನ ‘ಹಾಜರ್’ ಗಂಟಲಿನಲ್ಲಿಯೇ ನಿಂತು, ತರಗತಿ ನಕ್ಕು, ಮುಂದಿನವನ ಹೆಸರು ಬಂದುಬಿಡುತ್ತಿತ್ತು. ಭೂತಕ್ಕೆ ಮಾತೇಕೆ? ಗುರುಗುಟ್ಟಿದರೆ ಸಾಕು. ಅವನಿಗೆ ಉಪಕಾರ ಮಾಡಿದೆನೆಂದೇ ನಾನು ಭಾವಿಸಿದ್ದೆ.

ನಮ್ಮಲ್ಲಿ ಕಂಪ್ಯೂಟರ್ ಇರಲಿಲ್ಲವಾಗಿ ಸಂಕಲನವೆಲ್ಲ ಕ್ಯಾಮೆರಾದಲ್ಲಿಯೇ. ದೃಶ್ಯ ಕೆಟ್ಟರೆ ಟೇಪನ್ನು ಹಿಂದಕ್ಕೆ ಸುತ್ತಿ ಅದರ ಮೇಲೆಯೇ ಮತ್ತೆ ತೆಗೆಯುವುದು. ಹೊಸದು ಬಿದ್ದೊಡನೆ ಹಳೆಯದು ಅಳಿದಂತೆಯೆ. ಹೀಗೆ ನಾಲ್ಕು ದಿನ ಹಿತ್ತಲಲ್ಲಿಯೂ ಸೌದೆಯ ಕೋಣೆಯಲ್ಲಿಯೂ ಚಿತ್ರೀಕರಣ ಸಾಗಿತು. ಕೊನೆಯ ದೃಶ್ಯದಲ್ಲಿ ಭೂತ ತನ್ನ ಪೂರ್ವವೃತ್ತಾಂತವನ್ನು ಹೇಳಬೇಕು. ಅದನ್ನು ಮರೆಯಲ್ಲಿ ನಿಂತು ಬೇರೊಬ್ಬ ಓದುವನೆಂದು ನಾನು ಗೊತ್ತುಮಾಡಿದ್ದೆ. ಗೆಳೆಯ ಹತ್ತಿರ ಬಂದು, “ನಾ... ನಾನೇ ಹೇಳ್ತೀನಿ” ಎಂದ. ಉಳಿದವರು ಮುಖಮುಖ ನೋಡಿಕೊಂಡರು. ತಮಾಷೆಯಾಗಬಹುದೆಂದು ನಾನು ಒಪ್ಪಿದೆ.

ಅವನು ಮುಖವಾಡ ಧರಿಸಿದ, ಕೆಮ್ಮಿದ, ಹೇಳತೊಡಗಿದ. ನಾನು ಬರೆದಿದ್ದ ಗ್ರಾಂಥಿಕವಾದ, ಗಾವುದ ಉದ್ದದ ವಾಕ್ಯಗಳು. ಮೂರು ನಿಮಿಷ ಅವನು ಒಮ್ಮೆಯೂ ತಡವರಿಸಲಿಲ್ಲ. ಆ ದನಿ ರಬ್ಬರಿನೊಳಗಿಂದ ಗುಂಯ್‌ಗುಡುತ್ತ ಬಂದು ಸೌದೆಯ ಕೋಣೆಯನ್ನು ತುಂಬಿತು. ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ನನ್ನ ಅಜ್ಜಿ ಎದ್ದುಬಂದು, “ಯಾರಪ್ಪಾ ಆ ಹುಡುಗ? ಎಂಥಾ ಕಂಠ!” ಎಂದರು. ನಾಲ್ಕು ದಿನಗಳಿಂದ ಕತ್ತಿ ಬೀಸುತ್ತಿದ್ದ ನಾಯಕನನ್ನು ಅವರು ಒಮ್ಮೆಯೂ ವಿಚಾರಿಸಿರಲಿಲ್ಲ.

ಆ ರಾತ್ರಿ ನಾನು ಒಬ್ಬನೇ ಕುಳಿತು ಅದನ್ನು ಎರಡು ಬಾರಿ ನೋಡಿದೆ. ಬಳಿಕ ಟೇಪನ್ನು ಹಿಂದಕ್ಕೆ ಸುತ್ತಿದೆ. ಬೆಳಗ್ಗೆ ಗೆಳೆಯರು ಬಂದಾಗ, “ದನಿ ಸರಿಯಾಗಿ ಹಿಡಿದಿಲ್ಲ” ಎಂದು ಹೇಳಿ, ಅದರ ಮೇಲೆ ನನ್ನ ಕತ್ತಿವರಸೆಯನ್ನು ಚಿತ್ರಿಸಿದೆ. “ಇ... ಇನ್ನೊಂದು ಸಲ ಹೇಳಲಾ?” ಎಂದು ಅವನು ಕೇಳಿದ. “ಟೇಪು ಮುಗಿಯಿತು” ಎಂದೆ. ಟೇಪಿನಲ್ಲಿ ಇನ್ನೂ ಹತ್ತು ನಿಮಿಷ ಉಳಿದಿತ್ತು.

ಮುಂದೆ ಓದುತ್ತ ಹೋದಂತೆ ಈ ನೆನಪು ಬೇರೆಬೇರೆ ವೇಷಗಳಲ್ಲಿ ಎದುರಾಗುತ್ತಿತ್ತು. ಉಗ್ಗುವವರಲ್ಲಿ ಅನೇಕರು ಹಾಡುವಾಗ, ಇತರರೊಡನೆ ದನಿಗೂಡಿಸಿ ಓದುವಾಗ, ಬೇರೊಂದು ಪಾತ್ರವನ್ನು ವಹಿಸಿದಾಗ ಸರಾಗವಾಗಿ ನುಡಿಯುತ್ತಾರೆಂದು ತಿಳಿಯಿತು. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಕರಿಯ ಮುಖವಾಡದ ಖಳನಾಯಕ ಡಾರ್ತ್ ವೇಡರನ ಕಥೆಯೂ ತಿಳಿಯಿತು. ಆ ಮುಖವಾಡದೊಳಗಿದ್ದು ಚಿತ್ರೀಕರಣದಲ್ಲಿ ಮಾತುಗಳನ್ನೆಲ್ಲ ಆಡಿದವರು ಡೇವಿಡ್ ಪ್ರೌಸ್. ತೆರೆಯ ಮೇಲೆ ಕೇಳಿಸಿದ್ದು ಜೇಮ್ಸ್ ಅರ್ಲ್ ಜೋನ್ಸ್ ಅವರ ದನಿ. ಜಗತ್ತನ್ನೇ ನಡುಗಿಸಿದ ಆ ದನಿಯ ಒಡೆಯ ಬಾಲ್ಯದಲ್ಲಿ ಉಗ್ಗಿನ ದೆಸೆಯಿಂದ ವರ್ಷಗಟ್ಟಲೆ ಹೆಚ್ಚುಕಡಮೆ ಮೌನಿಯಾಗಿದ್ದವರು. ಶಾಲೆಯ ಉಪಾಧ್ಯಾಯರೊಬ್ಬರು ಕವಿತೆಯನ್ನು ಗಟ್ಟಿಯಾಗಿ ಹೇಳಿಸಿ ಅವರ ಬಾಯಿ ಬಿಡಿಸಿದರು. ಒಬ್ಬ ಉಪಾಧ್ಯಾಯ ತೆರೆದ ಬಾಯಿ ಅದು. ನಾನೂ ಈಗ ಒಬ್ಬ ಉಪಾಧ್ಯಾಯನೆ.

ಅಂಟು ಮುಖವಾಡವನ್ನು ಮಡಿಲಲ್ಲಿಟ್ಟುಕೊಂಡು ಅಟ್ಟದ ಮೆಟ್ಟಿಲ ಬಳಿ ಕುಳಿತಿದ್ದಾಗ ನನಗೆ ತಟ್ಟಿದ್ದು ಇದು. ನನ್ನ ತರಗತಿಯಲ್ಲಿಯೂ ಉಗ್ಗುವ ಹುಡುಗನೊಬ್ಬನಿದ್ದಾನೆ. ಹಳಗನ್ನಡ ಪದ್ಯಗಳನ್ನು ಒಬ್ಬೊಬ್ಬರಿಂದಲೂ ಓದಿಸುವಾಗ ಅವನ ಸಾಲು ಬಂದೊಡನೆ ನಾನು ಕರುಣೆಯಿಂದ ಮುಂದಿನವನನ್ನು ಕರೆಯುತ್ತೇನೆ. ಎರಡು ವರ್ಷಗಳಿಂದ ನಾನು ಆ ಟೇಪನ್ನು ಹಿಂದಕ್ಕೆ ಸುತ್ತುತ್ತಲೇ ಇದ್ದೇನೆ.

ಸಂಜೆ ಗೆಳೆಯನಿಗೆ ಫೋನು ಮಾಡಿದೆ. ಅವನೀಗ ತುಮಕೂರಿನಲ್ಲಿ ವಿದ್ಯುತ್ ಸಾಮಾನಿನ ಅಂಗಡಿಯಿಟ್ಟಿದ್ದಾನೆ. ಕ್ಷೇಮಸಮಾಚಾರ ಮುಗಿದ ಮೇಲೆ ನಡೆದುದನ್ನೆಲ್ಲ ಹೇಳಿದೆ. ಅತ್ತ ಕಡೆ ಮೌನ. ಕೋಪವೊ, ಮಾತು ತಡೆಯಿತೊ ತಿಳಿಯದೆ ನಾನು ಕಾದೆ. ಕೊನೆಗೆ ಅವನು ಕೇಳಿದ: “ಹಾ... ಹಾಗಾದರೆ ನನ್ನ ದನಿ ಹಿಡಿದಿತ್ತಾ?”

“ಹಿಡಿದಿತ್ತು.”

“ಯಂ... ಯಂತ್ರಕ್ಕೂ ನನ್ನ ಮಾತು ಸರಿಹೋಗಲಿಲ್ಲ ಅಂತ ತಿಳ್ಕೊಂಡಿದ್ದೆ ಕಣೋ, ಇಷ್ಟು ವರ್ಷ.”

ನನಗೆ ಮಾತು ಹೊರಡಲಿಲ್ಲ. ಆ ನಿಮಿಷದಲ್ಲಿ ಉಗ್ಗಿದವನು ನಾನು. ಕ್ಷಮಿಸು ಎಂಬ ಮೂರಕ್ಷರದ ಪದಕ್ಕೆ ಎಷ್ಟು ಹೊತ್ತು ತೆಗೆದುಕೊಂಡೆನೋ, ಅವನು ನಡುವೆ ಬಾಯಿಹಾಕದೆ, ಪದವನ್ನು ತಾನೇ ಪೂರ್ತಿಮಾಡಿಕೊಡದೆ, ಕಾದ. ಆಮೇಲೆ, “ಚೆ... ಚೆನ್ನಾಗಿ ಬಂದಿತ್ತಾ?” ಎಂದ. ಅಜ್ಜಿ ಎದ್ದುಬಂದುದನ್ನು ನೆನಪಿಸಿದೆ. ಅದು ಅವನಿಗೆ ನೆನಪಿತ್ತು. ಆ ಒಂದು ಮಾತನ್ನು ಅಳಿಸುವುದು ನನ್ನ ಕೈಯಲ್ಲಿ ಆಗಿರಲಿಲ್ಲ.

ಮರುದಿನ ಪಾಠಕ್ಕೆ ಮುಂಚೆ ಆ ವಿದ್ಯಾರ್ಥಿಯನ್ನು ಹೊರಗೆ ಕರೆದು, ಪದ್ಯ ಓದಲು ಇಷ್ಟವಿದೆಯೆ ಎಂದು ಕೇಳಿದೆ. ತಲೆಯಾಡಿಸಿದ. ತರಗತಿಯಲ್ಲಿ ಓದಿದ. ಕಂದಪದ್ಯದ ನಾಲ್ಕು ಸಾಲಿನಲ್ಲಿ ಮೂರು ಕಡೆ ನಿಂತ. ಒಂದು ಕಡೆ ಬಹಳ ಹೊತ್ತೇ ನಿಂತ. ನಾನು ಪುಸ್ತಕ ನೋಡುತ್ತ ಕುಳಿತಿದ್ದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಎಲ್ಲವೂ ಒಂದೇ ದಿನದಲ್ಲಿ ಸರಿಹೋಗುವುದಿಲ್ಲ. ಆದರೆ ಪದ್ಯ ಮುಗಿಯಿತು, ಮುಗಿಸಿದವನು ಅವನೇ.

ಮುಖವಾಡವನ್ನು ತಿಪ್ಪೆಗೆ ಹಾಕಬೇಕೆಂಬ ಶ್ರೀಮತಿಯ ಆಜ್ಞೆ ಸದ್ಯಕ್ಕೆ ತಡೆಹಿಡಿಯಲ್ಪಟ್ಟಿದೆ. ದಸರೆಗೆ ಗೆಳೆಯ ಸಂಸಾರಸಮೇತ ಬರುವವನಿದ್ದಾನೆ. ಅಂಟು ಹೋಗಲೆಂದು ನನ್ನ ಮಗಳು ಅದಕ್ಕೆ ಒಂದು ಡಬ್ಬ ಟಾಲ್ಕಂ ಪೌಡರ್ ಬಳಿದಿದ್ದಾಳೆ. ನೆಂಟರು ಬರುವ ಹೊತ್ತಿಗೆ ಅಲಂಕರಿಸಿಕೊಂಡ ಮನೆಯ ಹಿರಿಯಳಂತೆ, ಭೂತ ಜಗಲಿಯ ಗೂಟದ ಮೇಲೆ ಕಾಯುತ್ತಿದೆ.